ವರದಿ ಸಂತ್ರಸ್ತರ ಕೈಗೂ ಸೇರಲಿ

ಮಾನ್ಯ ಸಂಪಾದಕರೇ,

ಅಂತರರಾಷ್ಟ್ರೀಯ ಅಭಿವೃದ್ಧಿ ಕ್ಷೇತ್ರದ ಉದ್ಯೋಗಗಳ ಕುರಿತು ತಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಸಂಬಳ, ಪ್ರವಾಸ, ಬೇಕಾದ ಪದವಿಗಳ ವಿವರ ಅದರಲ್ಲಿತ್ತು. ನೆರವಿನ ಮೌಲ್ಯಮಾಪನ, ಅಂದರೆ ಕೊಟ್ಟ ನೆರವು ಜನರಿಗೆ ನಿಜಕ್ಕೂ ತಲುಪಿತೇ, ಉಪಯೋಗವಾಯಿತೇ ಎಂದು ಪರಿಶೀಲಿಸುವ ಕೆಲಸದ ವಿವರ ಬಿಟ್ಟುಹೋಗಿತ್ತು. ಹದಿನೆಂಟು ವರ್ಷ ಆ ಕೆಲಸ ಮಾಡಿದವಳಾಗಿ ನಾಲ್ಕು ಮಾತು ಸೇರಿಸಬಯಸುತ್ತೇನೆ.

ಈ ವೃತ್ತಿಗೆ ಗಟ್ಟಿ ಬುನಾದಿ ಸಿಕ್ಕಿದ್ದು ಆಫ್ರಿಕಾದ ರುವಾಂಡಾದಲ್ಲಿ ನಡೆದ ನರಮೇಧದ ನಂತರ. 1994ರ ಜುಲೈನಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ, ಆಗಿನ ಜೈರ್ (ಇಂದಿನ ಕಾಂಗೋ) ದೇಶದ ಗೋಮಾ ಪಟ್ಟಣದ ಸುತ್ತಮುತ್ತ ಬೀಡುಬಿಟ್ಟರು. ಜ್ವಾಲಾಮುಖಿಯ ಕಲ್ಲುನೆಲದಲ್ಲಿ ಶೌಚಕ್ಕೆ ಗುಂಡಿ ತೋಡುವುದೇ ದುಸ್ತರವಾಗಿ, ಶುದ್ಧ ನೀರೂ ಸಾಲದೆ, ಕಾಲರಾ ಮತ್ತು ಆಮಶಂಕೆಗೆ ಮೊದಲ ತಿಂಗಳಲ್ಲೇ ಸುಮಾರು 50 ಸಾವಿರ ಜನ ಬಲಿಯಾದರು. ಡೆನ್ಮಾರ್ಕ್ ಮುಂದಾಗಿ, ಹಲವು ದೇಶಗಳೂ ಸಂಸ್ಥೆಗಳೂ ಕೂಡಿ ನಡೆಸಿದ ಜಂಟಿ ಮೌಲ್ಯಮಾಪನದ ವರದಿ 1996ರಲ್ಲಿ ಹೊರಬಂತು. ಮಾನವೀಯ ನೆರವಿನ ಅಧ್ಯಯನದ ತಂಡವನ್ನು ನಡೆಸಿದವರು ಲಂಡನ್ನಿನ ಸಂಶೋಧಕ ಜಾನ್ ಬೋರ್ಟನ್. ಸರ್ಕಾರಗಳು ರಾಜಕೀಯವಾಗಿ ಮಾಡಬೇಕಾದ ಕೆಲಸಕ್ಕೆ ಪರಿಹಾರ ಸಾಮಗ್ರಿ ಬದಲಿಯಾಗದು ಎಂದು ಹಣ ಕೊಟ್ಟವರಿಗೇ ನೇರವಾಗಿ ಹೇಳಿದ ವರದಿ ಅದು. ಅಂಥ ನಿಷ್ಠುರತೆ ನಮ್ಮ ವೃತ್ತಿಯಲ್ಲಿ ಇಂದಿಗೂ ಅಪರೂಪ. ಅದರ ಬೆನ್ನಿಗೇ, 1997ರಲ್ಲಿ, ನೆರವಿನ ಕೆಲಸದಿಂದ ಪಾಠ ಕಲಿಯಲು, ಹೊಣೆಗಾರಿಕೆ ಹೆಚ್ಚಿಸಲು ನೆರವು ಸಂಸ್ಥೆಗಳು ಕಟ್ಟಿಕೊಂಡ ಜಾಲವಾದ ಅಲ್ನಾಪ್ ಹುಟ್ಟಿತು. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಎಂಬಂಥ ಮಾನದಂಡಗಳನ್ನು ಕೊಟ್ಟ ಸ್ಫಿಯರ್ ಯೋಜನೆಯೂ ಆಗಲೇ ಶುರುವಾಯಿತು.

ನಾನು ಹೋಗಿದ್ದ ಒಂದು ಶಿಬಿರದ ಕಡತದಲ್ಲಿ ಈ 15 ಲೀಟರಿನ ಲೆಕ್ಕ ಸರಿಯಾಗಿಯೇ ಇತ್ತು. ಬೆಳಗಿನ ಐದು ಗಂಟೆಗೆ ನಲ್ಲಿಯ ಬಳಿ ನಿಂತು ನೋಡಿದರೆ, ಆರು ಜನರ ಸಂಸಾರದ ತಾಯಿಯೊಬ್ಬಳ ಕೈಯಲ್ಲಿದ್ದದ್ದು ಮುಚ್ಚಳವಿಲ್ಲದ, ಹತ್ತು ಲೀಟರಿನ ಒಂದೇ ಕ್ಯಾನು. ಅದನ್ನು ಬರಿದು ಮಾಡಿಕೊಂಡು ಮತ್ತೆ ಸರದಿಗೆ ಬರುವಷ್ಟರಲ್ಲಿ ನೀರು ನಿಂತಿರುತ್ತಿತ್ತು. ನನ್ನ ಪ್ರಶ್ನೆಗಳಿಗೆಲ್ಲ ಉತ್ತರಿಸಿದ ಮೇಲೆ ಆಕೆ ಕೇಳಿದ್ದು ಇಷ್ಟೇ: "ಮುಂದೇನಾಯಿತೆಂದು ಬಂದು ಹೇಳುತ್ತೀರಾ?" ವರದಿ ಇಂಗ್ಲಿಷಿನಲ್ಲಿ ದಾನಿ ಸಂಸ್ಥೆಗೆ ಹೋಯಿತು. ಮರಳಿ ಹೋಗಿ ಹೇಳಲು ಒಪ್ಪಂದದಲ್ಲಿ ಒಂದು ದಿನವನ್ನೂ ಕೊಟ್ಟಿರಲಿಲ್ಲ. ನಾನೂ ಪಟ್ಟು ಹಿಡಿದು ಕೇಳಲಿಲ್ಲ ಎಂಬ ನೋವು ಈಗಲೂ ಇದೆ.

ಆದ್ದರಿಂದ ಮೌಲ್ಯಮಾಪನಕ್ಕೆ ಹಣ ಕೊಡುವವರು, ವರದಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಸಂತ್ರಸ್ತರ ಮುಂದೆ ಓದಿ ಹೇಳುವ ಖರ್ಚನ್ನೂ ದಿನಗಳನ್ನೂ ಮೊದಲೇ ಸೇರಿಸಬೇಕು. ಪುರವಣಿ ಓದಿ ಈ ಕ್ಷೇತ್ರಕ್ಕೆ ಹೊರಟಿರುವ ನಮ್ಮ ಹುಡುಗ ಹುಡುಗಿಯರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಆ ದಿನಗಳನ್ನು ಕೇಳಿ ಬರೆಸಿಕೊಳ್ಳಲಿ.

— ನಿವೃತ್ತ ಸಂಶೋಧಕಿ, ಮೈಸೂರು