ಹೈಕೋರ್ಟಿನ ಹೊರಗೆ ಸಿಕ್ಕ ಆ ಹಿರಿಯರಿಗೆ

ಪಾರ್ಶ್ವವಾಯು ಹೊಡೆದು ಅಪ್ಪ ಕೋಮಾದಲ್ಲಿದ್ದರು. ಚಿಕಿತ್ಸೆಗೆ ಅವರದೇ ಠೇವಣಿಯಿತ್ತು, ಸಹಿ ಮಾಡುವ ಕೈ ಏಳುತ್ತಿರಲಿಲ್ಲ. ಬ್ಯಾಂಕಿನವರು ಪೋಷಕತ್ವದ ಆದೇಶ, ಅಂದರೆ ಅಪ್ಪನ ಪರವಾಗಿ ವ್ಯವಹರಿಸಲು ಅನುಮತಿ ಕೊಡುವ ಆದೇಶ, ಕೇಳಿದರು. ಯಾರೋ ಹೇಳಿದರೆಂದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅರ್ಜಿ ತುಂಬಿಸಿಕೊಂಡು ಅಲೆಯುತ್ತಿದ್ದೆ.

ಧಾರವಾಡ ಪೀಠದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ನೀವು, ನನ್ನ ಕಣ್ಣೀರು ಕಂಡು ಕಡತ ಕೇಳಿದಿರಿ. ಆ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗಷ್ಟೇ ಎಂದಿರಿ. ಕೋಮಾದಲ್ಲಿರುವವರಿಗೆ ಪ್ರತ್ಯೇಕ ಕಾನೂನೇ ಇಲ್ಲವಂತೆ! ಎಷ್ಟೊಂದು ಮನೆಗಳ ಸಂಕಟವಿದು, ಆದರೂ ಇಲ್ಲ. ಸಂವಿಧಾನದ 226ನೇ ವಿಧಿಯಡಿ ರಿಟ್ (ಹೈಕೋರ್ಟಿಗೇ ನೇರವಾಗಿ ಹಾಕುವ ಅರ್ಜಿ) ಸಲ್ಲಿಸಬೇಕೆಂದು ತಿಳಿಸಿ, ಇಂಥ ಪ್ರಕರಣಗಳಿಗೆಂದೇ ಕೇರಳ ಹೈಕೋರ್ಟ್ 2019ರಲ್ಲಿ ಕೊಟ್ಟ ಮಾರ್ಗಸೂಚಿಯನ್ನೂ ವಿವರಿಸಿದಿರಿ. ನನ್ನ ಔಷಧಿ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಟ್ಟಿರಿ: ವೈದ್ಯಕೀಯ ಮಂಡಳಿಯ ವರದಿ, ಆಸ್ತಿಯ ಪೂರ್ಣ ವಿವರ, ಉಳಿದ ವಾರಸುದಾರರ ಒಪ್ಪಿಗೆ. ‘ಒಪ್ಪಿಗೆ’ಯ ಕೆಳಗೆ ಎರಡು ಗೆರೆ. ಆ ಗೆರೆಗಳಿಂದಲೇ ಅಣ್ಣನೊಂದಿಗೆ ಮೊದಲು ಮಾತಾಡಿದೆ, ಜಗಳ ತಪ್ಪಿತು.

ಆದೇಶ ಬಂದಿದೆ. ನಿಮ್ಮ ಹೆಸರು ಕೇಳಲೂ ತೋಚಲಿಲ್ಲ. ಚೀಟಿ ಅಪ್ಪನ ದಿಂಬಿನ ಕೆಳಗಿದೆ. ನಿಮಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು.