ಶಾಸಕರೇ, ನಮ್ಮ ಮಕ್ಕಳ ಪ್ರಶ್ನೆಗೆ ಉತ್ತರ ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಿಮ್ಮ ಕ್ಷೇತ್ರದ ಸರ್ಕಾರಿ ಶಾಲೆಯೊಂದರಲ್ಲಿ ನನ್ನ ಮಗಳು ಏಳನೇ ಕ್ಲಾಸು. ಮೂರು ವರ್ಷದಿಂದ ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ ಆಯಿತು. ನಾಮಪತ್ರ, ಪ್ರಚಾರ, ಮೇಷ್ಟ್ರ ಮೊಬೈಲಿನಲ್ಲೇ ಮತಯಂತ್ರ, ಬೆರಳಿಗೆ ಶಾಯಿ. ಮಗಳು ಗೆದ್ದು ಆರೋಗ್ಯ ಮಂತ್ರಿ ಆದಳು. ಶಾಯಿ ಹೋಗಬಾರದು ಅಂತ ಎರಡು ದಿನ ಎಡಗೈಯನ್ನು ನೀರಿಗೆ ಸೋಕಿಸಲಿಲ್ಲ. ಮೇಷ್ಟ್ರು ಚೆನ್ನಾಗಿಯೇ ಕಲಿಸಿದ್ದಾರೆ. ವಿಧಾನಸಭೆಯಲ್ಲಿ 224 ಸ್ಥಾನ, ನಮ್ಮ ರಾಜ್ಯದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12, ಎಲ್ಲಾ ಅವಳ ಬಾಯಲ್ಲೇ ಇದೆ.

ಆಮೇಲೆ ಬಂತು ಮಕ್ಕಳ ಗ್ರಾಮಸಭೆ, ಮಕ್ಕಳು ತಮ್ಮ ಕಷ್ಟ ಹೇಳಿಕೊಳ್ಳಲಿ ಅಂತ ಪಂಚಾಯಿತಿ ನಡೆಸುವ ಸಭೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಎಷ್ಟೋ ಹುಡುಗಿಯರು ಶಾಲೆಯಲ್ಲಿ ನೀರೇ ಕುಡಿಯಲ್ಲ. ನಾವು ಪೋಷಕರೇ ದುಡ್ಡು ಹಾಕಿ ಚಿಲಕ ಹಾಕಿಸಿದ್ದೆವು, ಚೌಕಟ್ಟಿಗೇ ಗೆದ್ದಲು ಹಿಡಿದಿದೆ, ವಾರದಲ್ಲಿ ಕಿತ್ತು ಬಂತು. ಹಿಂದಿನ ಎರಡು ಸಭೆಯಲ್ಲೂ ಮಕ್ಕಳು ಇದನ್ನೇ ಕೇಳಿದ್ದರು. ಉತ್ತರ ಬರಲಿಲ್ಲ.

ಈ ಸಲ ನೀವೂ ವೇದಿಕೆ ಮೇಲಿದ್ದಿರಿ. ಹಾರ, ಶಾಲು, ಭಾಷಣಕ್ಕೇ ಎರಡು ಗಂಟೆ ಹೋಯಿತು. ಮಗಳು ಎದ್ದು ನಿಂತು ಎರಡು ಸಾಲು ಓದುವಷ್ಟರಲ್ಲಿ ನಿಮ್ಮ ಪಕ್ಕದಲ್ಲಿದ್ದವರೊಬ್ಬರು ಮೈಕ್ ಇಸ್ಕೊಂಡು, "ಸಾಕು ಪುಟ್ಟಿ, ಚೀಟಿ ಕೊಡು, ಫೋಟೋಗೆ ನಿಂತ್ಕೋ" ಅಂದರು. ನೀವು ಮಾತಾಡಲಿಲ್ಲ. ಎಲ್ಲರೂ ಹೋದ ಮೇಲೆ ಆ ಚೀಟಿ ಕುರ್ಚಿ ಕೆಳಗೆ ಬಿದ್ದಿತ್ತು. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ದುಂಡಗೆ ಬರೆದಿದ್ದ ಹಾಳೆ, ಅದರ ಮೇಲೆ ಟೀ ಲೋಟದ ಕಲೆ. ಅವಳೇ ಎತ್ತಿಕೊಂಡು ಬಂದಳು. ರಾತ್ರಿ ಊಟಕ್ಕೆ ಕೂತಾಗ, "ನಂಗೆ ಓಟು ಹಾಕಿದವರಿಗೆ ನಾಳೆ ಏನಂತ ಹೇಳ್ಲಿ ಅಮ್ಮ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ ಸ್ವಾಮಿ. ನಿಮ್ಮ ಹತ್ತಿರ ಇದೆಯಾ?

ನಿಯಮ ನಿಮಗೆ ಗೊತ್ತೇ ಇದೆ. ಸದನದಲ್ಲಿ ನೀವು ಕೇಳಿದ ಪ್ರಶ್ನೆಗೆ ಮಂತ್ರಿ ಉತ್ತರ ಕೊಡದಿದ್ದರೆ ಸುಮ್ನೆ ಕೂರ್ತೀರಾ? ಇಲ್ಲ ಅಲ್ವಾ. ನಮ್ಮ ಮಕ್ಕಳಿಗೂ ಉತ್ತರ ಕೊಡಿ. ಅದು ಪಂಚಾಯಿತಿ ಕೆಲಸ ಅನ್ನಬೇಡಿ, ನೀವು ಒಂದು ಮಾತು ಹೇಳಿದರೆ ಪಂಚಾಯಿತಿಯ ಪಿಡಿಒ ಆಗಲಿ ಶಿಕ್ಷಣ ಇಲಾಖೆಯ ಬಿಇಒ ಆಗಲಿ ಇಲ್ಲ ಅನ್ನಲ್ಲ. ದಿನಾ ಬೆಳಿಗ್ಗೆ ಮಕ್ಕಳ ಕೈಲಿ ಸಂವಿಧಾನದ ಪೀಠಿಕೆ ಓದಿಸಿ, ಅವರು ಬಾಯಿ ತೆರೆದಾಗ ಮೈಕ್ ಕಿತ್ತುಕೊಂಡರೆ ಹೇಗೆ?

ಮುಂದಿನ ಸಭೆಯಲ್ಲಿ ಮಕ್ಕಳು ಮೊದಲು ಮಾತಾಡಲಿ, ಶಾಲು ಹಾರ ಆಮೇಲೆ. ಮೂರು ವರ್ಷದ ಪ್ರಶ್ನೆಗೆ ಅದಕ್ಕೂ ಮೊದಲೇ ಲಿಖಿತ ಉತ್ತರ ಬರಲಿ. ಆಗುತ್ತೆ ಅಂತಲೋ, ಆಗಲ್ಲ ಯಾಕೆ ಅಂತಲೋ, ಸಹಿ ಹಾಕಿ, ಮಕ್ಕಳ ಹೆಸರಿಗೇ ಕಳಿಸಿ. ಆ ಚೀಟಿ ನಮ್ಮ ಮನೆಯಲ್ಲೇ ಇದೆ. ಬೇಕು ಅಂದರೆ ನಿಮ್ಮ ಕಚೇರಿಗೆ ನಾನೇ ತಂದುಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ