ಶಾಲಾ ರಜೆಯ ದಿನಗಳ ಕ್ಯಾಬಿನ್ ಬುಕಿಂಗ್‌ನಲ್ಲಿ ಆಗುತ್ತಿರುವ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯರೇ,

ಸಕಲೇಶಪುರ ತಾಲ್ಲೂಕಿನಲ್ಲಿ ಅಕ್ಕಪಕ್ಕದ ಮೂರು ಕಾಫಿ ತೋಟದ ಮನೆಯವರು ಸೇರಿ ನಡೆಸುತ್ತಿರುವ ನಮ್ಮ ಮರದ ಕ್ಯಾಬಿನ್‌ಗಳಿಗೆ ಮಕ್ಕಳನ್ನೂ ಸ್ನೇಹಿತರ ಸಂಸಾರಗಳನ್ನೂ ಕರೆದುಕೊಂಡು ರಜೆ ಕಳೆಯಲು ಬರುತ್ತಿರುವ ತಮಗೆಲ್ಲ ನಮಸ್ಕಾರಗಳು. ಬರುವ ದಸರಾ ರಜೆಯಿಂದ, ಶಾಲೆಗಳಿಗೆ ರಜೆ ಇರುವ ಅವಧಿಯಲ್ಲಿ ಒಂದೇ ರಾತ್ರಿಯ ಬುಕಿಂಗ್ ತೆಗೆದುಕೊಳ್ಳದಿರಲು ನಾವು ತೀರ್ಮಾನಿಸಿದ್ದೇವೆ. ಆ ದಿನಗಳಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಬೇಕಾಗುತ್ತದೆ. ಬರುವ ದಿನ ಸಂಜೆ 4 ಗಂಟೆಯೊಳಗೆ ಡಾಂಬರು ರಸ್ತೆಯ ಪಕ್ಕದ ನಮ್ಮ ಗೇಟನ್ನು ತಲುಪಿರಬೇಕಾಗುತ್ತದೆ. ಸಂಜೆ 6ರಿಂದ ಬೆಳಿಗ್ಗೆ 7:30ರವರೆಗೆ ಅಂಗಳದ ಬೇಲಿಯಿಂದಾಚೆ ಅತಿಥಿಗಳು ಯಾರೂ, ನಡೆದುಕೊಂಡಾಗಲಿ ವಾಹನದಲ್ಲಾಗಲಿ, ಹೋಗುವಂತಿಲ್ಲ. ಇದಕ್ಕೆ ಕಾರಣ ಆನೆ. ಎರಡು ರಾತ್ರಿಯ ನಿಯಮಕ್ಕೂ ಆನೆಗೂ ಏನು ಸಂಬಂಧ ಎಂದು ಫೋನಿನಲ್ಲಿ ಹಲವರು ಈಗಾಗಲೇ ಕೇಳಿರುವುದರಿಂದ, ವಿಷಯವನ್ನು ವಿವರವಾಗಿಯೇ ತಿಳಿಸುತ್ತಿದ್ದೇವೆ.

ಕರ್ನಾಟಕದಲ್ಲಿ 2023ರ ಗಣತಿಯ ಪ್ರಕಾರ 6,395 ಆನೆಗಳಿದ್ದು, ದೇಶದಲ್ಲಿ ಇದೇ ಅತಿ ಹೆಚ್ಚು. ನಾಗರಹೊಳೆ, ಬಂಡೀಪುರಗಳಂತಹ ದೊಡ್ಡ ಕಾಡುಗಳಲ್ಲಿರುವ ಆನೆಗಳ ಮಾತು ಬೇರೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಆನೆಗಳಲ್ಲಿ ಹಲವು ತುಂಡು ತುಂಡಾದ ಕಾಡು ಮತ್ತು ಕಾಫಿ ತೋಟಗಳ ನಡುವೆಯೇ ಹುಟ್ಟಿ ಬೆಳೆದಿವೆ. ಹಗಲಿನಲ್ಲಿ ತೋಟದ ತಂಪು ನೆರಳಿನಲ್ಲಿ ನಿಂತಿದ್ದು, ಹೊತ್ತು ಇಳಿದ ಮೇಲೆ ಗದ್ದೆಗೋ ಕೆರೆಗೋ ಹೊರಟು, ಬೆಳಕು ಹರಿಯುವ ಹೊತ್ತಿಗೆ ಮತ್ತೆ ಯಾವುದೋ ತೋಟವನ್ನು ಸೇರಿಕೊಳ್ಳುತ್ತವೆ. ಹೈಕೋರ್ಟ್ ರಚಿಸಿದ್ದ ಆನೆ ಕಾರ್ಯಪಡೆ ಎಂಬ ತಜ್ಞರ ಸಮಿತಿ 2012ರಲ್ಲಿ ವರದಿ ಕೊಟ್ಟ ಬಳಿಕ ಆಲೂರು ಭಾಗದಿಂದ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದ್ದುಂಟು. ಆದರೆ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಒಂಟಿ ಸಲಗವೊಂದರ ಜತೆಗಿನ ಕಾಳಗದಲ್ಲಿ. ಇಲ್ಲಿಗೆ ಬರುವ ಮಕ್ಕಳಿಗೆ ಅರ್ಜುನನ ಹೆಸರು ಗೊತ್ತಿರುತ್ತದೆ. ಅವನನ್ನು ಕೊಂದ ಆನೆ ಈಗ ಎಲ್ಲಿದೆ ಎಂಬುದೇ ಅವರ ಮೊದಲ ಪ್ರಶ್ನೆ.

ಶಾಲಾ ರಜೆಯ ದಿನಗಳಿಗೆ ಮಾತ್ರ ಈ ನಿಯಮವೇಕೆ ಎಂಬುದಕ್ಕೆ ಉತ್ತರ ತೋಟದಲ್ಲೇ ಇದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುತ್ತದೆ. ಅದೇ ಹೊತ್ತಿಗೆ ಹಲಸು ಬಲಿತು ಹಣ್ಣಾಗುತ್ತದೆ. ಹಲಸಿನ ಹಣ್ಣಿನ ವಾಸನೆ ಹಿಡಿದ ಆನೆ ಎಷ್ಟೋ ದೂರದಿಂದ ಬಂದು, ಸೊಂಡಿಲು ಎತ್ತಿ, ಎಟುಕದಿದ್ದರೆ ಮರಕ್ಕೆ ಹಣೆ ಕೊಟ್ಟು ಅಲುಗಿಸಿ, ಬಿದ್ದ ಕಾಯನ್ನು ಕಾಲಿನಿಂದ ಮೆಟ್ಟಿ ಒಡೆದು ತಿನ್ನುತ್ತದೆ. ದಸರಾ ರಜೆಯ ಹೊತ್ತಿಗೆ ಹಲಸು ಮುಗಿದಿರುತ್ತದಾದರೂ ಗದ್ದೆಯಲ್ಲಿ ಭತ್ತ ತೆನೆ ಕಟ್ಟಲು ಸಿದ್ಧವಾಗಿರುತ್ತದೆ, ಬಾಳೆ ಮತ್ತು ತಾಳೆ ಜಾತಿಯ ಬೈನೆ ಮರ ಅಂತೂ ವರ್ಷವಿಡೀ ಇದ್ದೇ ಇರುತ್ತವೆ. ಹೀಗೆ ಮಕ್ಕಳ ದಂಡು ಇಲ್ಲಿಗೆ ಬರುವ ಎರಡು ಅವಧಿಗಳಲ್ಲೂ ಆನೆಗಳ ಓಡಾಟ ನಮ್ಮ ಕಡೆಗೇ ಹೆಚ್ಚು. ಮಳೆಗಾಲದ ನಡುವೆ ಬರುವ ದೊಡ್ಡವರ ಗುಂಪುಗಳಿಗೂ ಎಚ್ಚರ ಬೇಕು, ಆದರೆ ದೊಡ್ಡವರಿಗೆ ಹೇಳಿದರೆ ನಿಲ್ಲುತ್ತಾರೆ. ಹತ್ತು ವರ್ಷದ ನಾಲ್ಕು ಮಕ್ಕಳು ಟಾರ್ಚು ಹಿಡಿದು ಕಣ್ಣಾಮುಚ್ಚಾಲೆ ಆಡುತ್ತಿರುವಾಗ ಬೇಲಿ ಎಲ್ಲಿ ಮುಗಿಯುತ್ತದೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಇನ್ನು ಒಂದು ರಾತ್ರಿಯ ಬುಕಿಂಗ್ ವಿಷಯ. ಒಂದೇ ರಾತ್ರಿಗೆ ಬರುವ ಕುಟುಂಬಗಳು ಬೆಂಗಳೂರಿನಿಂದ ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತವೆ. ನೆಲಮಂಗಲ ದಾಟುವುದರಲ್ಲೇ ಹೊತ್ತು ಹೋಗುತ್ತದೆ, ಜತೆಗಿರುವ ಸ್ನೇಹಿತರ ಕಾರಿಗಾಗಿ ಕುಣಿಗಲ್ ಬಳಿ ಕಾಯುತ್ತಾರೆ, ಹಾಸನದಲ್ಲಿ ಮಕ್ಕಳಿಗೆ ತಿಂಡಿ ಕೊಡಿಸುತ್ತಾರೆ. ನಮ್ಮ ಗೇಟಿಗೆ ಬರುವಾಗ ರಾತ್ರಿ ಒಂಬತ್ತೋ ಹತ್ತೋ ಆಗಿರುತ್ತದೆ. ಅಲ್ಲಿಂದ ಕ್ಯಾಬಿನ್‌ವರೆಗಿನ ಮೂರು ಕಿಲೋಮೀಟರ್ ತೋಟದ ಮಣ್ಣು ರಸ್ತೆಯಲ್ಲಿ ಎರಡೂ ಕಡೆ ಆಳೆತ್ತರದ ಕಾಫಿ ಗಿಡಗಳು, ಮೂರು ತಿರುವುಗಳು, ಒಂದು ಕಿರು ಸೇತುವೆ. ಎದುರಿಗೆ ಆನೆ ನಿಂತಿದ್ದರೆ ಕಾರನ್ನು ಹಿಂದಕ್ಕೆ ತಿರುಗಿಸಿಕೊಳ್ಳಲು ಜಾಗವಿಲ್ಲ. ನಾವು ಜೀಪಿನಲ್ಲಿ ಮುಂದೆ ಹೋಗಿ ದಾರಿ ನೋಡಿಕೊಂಡು ಕರೆತರುವ ಪದ್ಧತಿ ಇಟ್ಟುಕೊಂಡಿದ್ದೇವೆ ನಿಜ, ಆದರೆ ಮೂರು ಕಾರುಗಳು ಒಂದು ಗಂಟೆಯ ಅಂತರದಲ್ಲಿ ಒಂದೊಂದಾಗಿ ಬಂದಾಗ ಆ ಪದ್ಧತಿ ಹೆಸರಿಗಷ್ಟೇ ಉಳಿಯುತ್ತದೆ. ಮರುದಿನ ಅದೇ ಕುಟುಂಬ, ಇರುವ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡುವ ಆತುರದಲ್ಲಿ, ಸೂರ್ಯೋದಯಕ್ಕೆ ಗುಡ್ಡ ಹತ್ತಬೇಕೆಂದು ನಸುಕಿನ ಐದು ಗಂಟೆಗೇ ಮಕ್ಕಳನ್ನು ಎಬ್ಬಿಸುತ್ತದೆ. ಅಂದರೆ ಆನೆ ನಡೆದಾಡುವ ಎರಡು ಹೊತ್ತುಗಳಲ್ಲಿಯೂ ಮಕ್ಕಳು ರಸ್ತೆಯ ಮೇಲೆ. ಎರಡು ರಾತ್ರಿ ಉಳಿಯುವವರಿಗೆ ನಡುವೆ ಒಂದು ಪೂರ್ತಿ ಹಗಲು ಸಿಗುವುದರಿಂದ ಈ ಆತುರ ಇರುವುದಿಲ್ಲ. ಈ ವ್ಯತ್ಯಾಸವನ್ನು ನಾವು ಅನೇಕ ರಜೆಗಳಿಂದ ಗಮನಿಸುತ್ತ ಬಂದಿದ್ದೇವೆ.

ನಮ್ಮ ಅಡುಗೆಯವರ ಮಾತನ್ನೂ ಇಲ್ಲಿ ಹೇಳಬೇಕು. ಅತಿಥಿಗಳು ಹತ್ತು ಗಂಟೆಗೆ ಬಂದರೆ ಅಕ್ಕಿ ರೊಟ್ಟಿ ಬಿಸಿಯಾಗಿಯೇ ಬೇಕು ಎನ್ನುವುದು ಸಹಜ. ಆದರೆ ಅದನ್ನು ತಟ್ಟಿ ಕೊಟ್ಟವರು ಪಾತ್ರೆ ತೊಳೆದಿಟ್ಟು ಹನ್ನೊಂದೂವರೆಗೆ ಅದೇ ಕತ್ತಲ ದಾರಿಯಲ್ಲಿ ತಮ್ಮ ಮನೆಗೆ ಹೋಗಬೇಕು. ಈ ಭಾಗದಲ್ಲಿ ಆನೆ ದಾಳಿಗೆ ಬಲಿಯಾದವರಲ್ಲಿ ತೋಟದ ಕೆಲಸಕ್ಕೆ ಹೋಗುವವರು, ಬರುವವರೇ ಹೆಚ್ಚು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಆನೆಗಳ ಯಾವ ಗುಂಪು ಯಾವ ಊರಿನ ಹತ್ತಿರ ಇದೆ ಎಂಬ ಸಂದೇಶವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುತ್ತಾರೆ. ಅದನ್ನು ನೋಡಿದ ಮೇಲೆಯೇ ನಮ್ಮ ತೋಟಗಳಲ್ಲಿ ಆಳುಗಳನ್ನು ಕೆಲಸಕ್ಕೆ ಬಿಡುತ್ತೇವೆ. ಕೆಲಸದವರಿಗೆ ಒಂದು ನಿಯಮ, ಹಣ ಕೊಟ್ಟು ಬರುವವರಿಗೆ ಇನ್ನೊಂದು ಎಂದು ಇಟ್ಟುಕೊಳ್ಳುವುದು ನಮಗೆ ಸರಿಕಾಣಲಿಲ್ಲ. ಆದ್ದರಿಂದ ರಜೆಯ ಅವಧಿಯಲ್ಲಿ ರಾತ್ರಿಯ ಊಟ 7 ಗಂಟೆಗೆ ಬಡಿಸಲಾಗುತ್ತದೆ ಮತ್ತು 8:30ಕ್ಕೆ ಸಿಬ್ಬಂದಿಯನ್ನು ಜೀಪಿನಲ್ಲಿ ಮನೆ ತಲುಪಿಸಲಾಗುತ್ತದೆ. ತಡವಾಗಿ ಹಸಿವಾಗುವ ಮಕ್ಕಳಿಗಾಗಿ ಪ್ರತಿ ಕ್ಯಾಬಿನ್ನಿನಲ್ಲೂ ಹಾಲು, ಕೋಡುಬಳೆ, ಅವಲಕ್ಕಿ ಇಟ್ಟಿರುತ್ತೇವೆ.

ದಾರಿಯಲ್ಲಿ ಗಾಡಿ ಕೆಟ್ಟು, ಅಥವಾ ವಾಹನ ದಟ್ಟಣೆಯಲ್ಲಿ ಸಿಕ್ಕಿ, 4 ಗಂಟೆಗೆ ಬರಲಾಗದಿದ್ದರೆ ಫೋನ್ ಮಾಡಿ ತಿಳಿಸಿ. ಬೆಳಕಿರುವವರೆಗೆ, ಅಂದರೆ 5:30ರವರೆಗೆ ಗೇಟಿನಲ್ಲಿ ಜೀಪು ಕಾಯುತ್ತದೆ. ಅದಕ್ಕೂ ತಡವಾದರೆ ಸಕಲೇಶಪುರ ಪಟ್ಟಣದಲ್ಲಿ ಉಳಿದುಕೊಂಡು ಮರುದಿನ ಬೆಳಿಗ್ಗೆ ಬರಬೇಕು. ಪಟ್ಟಣದಲ್ಲಿ ಕೋಣೆ ಹುಡುಕಿಕೊಡುವ ಹೊಣೆ ನಮ್ಮದು, ಜತೆಗೆ ಆ ರಾತ್ರಿಯ ಕ್ಯಾಬಿನ್ ಬಾಡಿಗೆಯಲ್ಲಿ ಅರ್ಧವನ್ನು ಹಿಂದಿರುಗಿಸುತ್ತೇವೆ. ಈ ಒಂದು ವಿಷಯದಲ್ಲಿ ಮಾತ್ರ ಹಳೆಯ ಪರಿಚಯ, ವಿಶ್ವಾಸ ಯಾವುದಕ್ಕೂ ವಿನಾಯಿತಿ ಇಲ್ಲವೆಂದು ನಮ್ರತೆಯಿಂದ ತಿಳಿಸುತ್ತೇವೆ.

ದರದಲ್ಲಿ ಆಗುವ ಬದಲಾವಣೆ ತಮಗೆ ಹೊರೆಯಾಗದಂತೆ ನೋಡಿಕೊಂಡಿದ್ದೇವೆ. ಕ್ಯಾಬಿನ್ನಿನ ಮೊದಲ ರಾತ್ರಿಯ ಬಾಡಿಗೆ ಹಿಂದಿನಂತೆಯೇ ₹5,500 ಇದ್ದು, ಎರಡನೇ ರಾತ್ರಿಗೆ ₹4,000 ಮಾತ್ರ. ಊಟ, ತಿಂಡಿ, ಕಾಫಿ ಸೇರಿ ದೊಡ್ಡವರಿಗೆ ದಿನಕ್ಕೆ ₹900, ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅದರ ಅರ್ಧ, ಐದು ವರ್ಷದೊಳಗಿನವರಿಗೆ ಏನೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೋಣೆ ಬಾಡಿಗೆಯ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ ಬಿಲ್ಲಿನಲ್ಲಿ ಆ ಉಳಿತಾಯವೂ ಕಾಣುತ್ತದೆ. ಒಂದು ರಾತ್ರಿಗೆಂದು ಈಗಾಗಲೇ ಮುಂಗಡ ಕೊಟ್ಟಿರುವವರು ಎರಡನೇ ರಾತ್ರಿಯನ್ನು ₹2,000ಕ್ಕೆ ಸೇರಿಸಿಕೊಳ್ಳಬಹುದು, ರಜೆಯಲ್ಲದ ದಿನಕ್ಕೆ ಬದಲಿಸಿಕೊಳ್ಳಬಹುದು, ಬೇಡವೆಂದರೆ ಮುಂಗಡದ ಪೂರ್ತಿ ಹಣವನ್ನು ಒಂದು ವಾರದೊಳಗೆ ಅವರ ಖಾತೆಗೆ ಮರಳಿಸುತ್ತೇವೆ.

ರಜೆಯ ಅವಧಿ ಎಂದರೆ ಯಾವುದು ಎಂಬುದೂ ಸ್ಪಷ್ಟವಾಗಿರಬೇಕು. ಒಂದೇ ಗುಂಪಿನಲ್ಲಿ ಬರುವ ಸ್ನೇಹಿತರ ಮಕ್ಕಳು ಒಬ್ಬರು ರಾಜ್ಯ ಪಠ್ಯಕ್ರಮದಲ್ಲಿ, ಇನ್ನೊಬ್ಬರು ಸಿಬಿಎಸ್‌ಇಯಲ್ಲಿ ಓದುತ್ತಿದ್ದು, ಅವರ ರಜೆಗಳು ಹೊಂದದೆ ಹಿರಿಯರು ಪರದಾಡುವುದು ಸಾಮಾನ್ಯ. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳುಹಿಸಿದ್ದ ಕಾರಣಕ್ಕೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಹಠಾತ್ತನೆ ಮುಂದುವರಿದಾಗ ಈ ಗೊಂದಲ ಇನ್ನಷ್ಟು ಹೆಚ್ಚಿತ್ತು. ಹೀಗಾಗಿ ನಮ್ಮ ಲೆಕ್ಕಕ್ಕೆ ರಾಜ್ಯ ಶಿಕ್ಷಣ ಇಲಾಖೆ ಪ್ರಕಟಿಸುವ ದಸರಾ ಮತ್ತು ಬೇಸಿಗೆ ರಜೆಯ ದಿನಾಂಕಗಳೇ ಆಧಾರ. ಬುಕಿಂಗ್ ಆದ ಮೇಲೆ ಇಲಾಖೆ ರಜೆಯನ್ನು ವಿಸ್ತರಿಸಿದರೆ ಹಳೆಯ ಬುಕಿಂಗ್‌ಗಳಿಗೆ ಎರಡು ರಾತ್ರಿಯ ನಿಯಮ ಅನ್ವಯಿಸುವುದಿಲ್ಲ, ಆದರೆ ಸಂಜೆ 4 ಗಂಟೆಯ ನಿಯಮ ಅನ್ವಯಿಸುತ್ತದೆ.

ತಂದೆತಾಯಿ ಬಾರದೆ ಸ್ನೇಹಿತರ ಕುಟುಂಬದ ಜತೆ ಬರುವ ಮಕ್ಕಳ ಸಂಖ್ಯೆ ಈಚೆಗೆ ಹೆಚ್ಚಾಗಿದೆ. ಅಂತಹ ಮಗುವಿನ ಹೆಸರು, ವಯಸ್ಸು, ತಂದೆ ಅಥವಾ ತಾಯಿಯ ಫೋನ್ ಸಂಖ್ಯೆ ಹಾಗೂ ಅವರ ಒಪ್ಪಿಗೆಯ ಎರಡು ಸಾಲುಗಳನ್ನು ಮೂರು ದಿನ ಮೊದಲೇ ಕಳುಹಿಸಬೇಕೆಂದು ಕೋರುತ್ತೇವೆ. ಎಲ್ಲ ಮಕ್ಕಳೂ ದೊಡ್ಡ ಕ್ಯಾಬಿನ್ನಿನ ಅಟ್ಟದ ಮೇಲೆ ಒಟ್ಟಿಗೇ ಮಲಗಬೇಕೆಂದು ಹಟ ಹಿಡಿಯುವುದು ನಮಗೆ ಗೊತ್ತಿರುವುದೇ. ಹಾಸಿಗೆ ಹಾಸಿಕೊಡುತ್ತೇವೆ, ಆದರೆ ಏಣಿಯ ಕೆಳಗಿನ ಕೋಣೆಯಲ್ಲಿ ಹಿರಿಯರೊಬ್ಬರು ಮಲಗಿರಬೇಕು, ಬಾಗಿಲಿನ ಮೇಲಿನ ಚಿಲಕ ಹಾಕಿರಬೇಕು.

ಹಾಡು ಹಾಕುವ ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ಆನೆ ಹತ್ತಿರ ಬಂದಿದೆ ಎಂಬುದು ಹೆಚ್ಚಿನ ಸಲ ನಮಗೆ ಮೊದಲು ತಿಳಿಯುವುದು ಕಿವಿಯಿಂದ: ಬಾಳೆ ಸೀಳುವ ಸದ್ದು, ಇಲ್ಲವೇ ಕೊಂಬೆಯೊಂದು ಲಟಕ್ಕನೆ ಮುರಿದ ಸದ್ದು. ಅಷ್ಟು ದೊಡ್ಡ ಪ್ರಾಣಿ ನಡೆದು ಬರುವಾಗ ಹೆಜ್ಜೆಯ ಸಪ್ಪಳವೇ ಇರುವುದಿಲ್ಲ. ಆದ್ದರಿಂದ ಕತ್ತಲಾದ ಮೇಲೆ ಅಂಗಳದಲ್ಲಿ ಸ್ಪೀಕರ್ ಬೇಡ. ಬೆಂಕಿ ಹಾಕಿದರೆ ಆನೆ ಬರುವುದಿಲ್ಲ, ಪಟಾಕಿ ಹೊಡೆದರೆ ಓಡುತ್ತದೆ ಎಂಬ ನಂಬಿಕೆಯಿಂದ ಕೆಲವರು ಪಟಾಕಿ ತರುತ್ತಾರೆ; ಹೆದರಿದ ಆನೆ ಯಾವ ದಿಕ್ಕಿಗೆ ಓಡುತ್ತದೆಂದು ಹೇಳಲಾಗದು, ಪಟಾಕಿಯನ್ನು ಗೇಟಿನಲ್ಲೇ ಕೊಟ್ಟು ಹೋಗುವಾಗ ತೆಗೆದುಕೊಳ್ಳಿ. ಶಿಬಿರಾಗ್ನಿ ಸಂಜೆ 6ರಿಂದ 7ರವರೆಗೆ, ಅಂಗಳದ ನಡುವಿನ ಕಲ್ಲಿನ ಕಟ್ಟೆಯೊಳಗೆ ಎಂದಿನಂತೆ ಇರುತ್ತದೆ. ಕಾರಿನಲ್ಲಿ ಬಾಳೆಹಣ್ಣಿನ ಗೊನೆ, ಹಲಸಿನ ಹಣ್ಣು ಬಿಡಬಾರದು. ಕ್ಯಾಬಿನ್‌ಗಳ ಸುತ್ತಲಿನ ಹಲಸಿನ ಮರಗಳ ಕಾಯಿಯನ್ನು ಇನ್ನು ಮುಂದೆ ಎಳೆಯದಾಗಿರುವಾಗಲೇ ಇಳಿಸಿಬಿಡುತ್ತೇವೆ. ಹೀಗಾಗಿ ಮೇ ತಿಂಗಳಲ್ಲಿ ಬರುವವರಿಗೆ ಮರದಡಿ ಕೂತು ಹಣ್ಣು ಬಿಡಿಸಿ ತಿನ್ನುವ ಭಾಗ್ಯ ಇಲ್ಲ, ಎಳೆ ಹಲಸಿನ ಪಲ್ಯ ಮತ್ತು ಹಪ್ಪಳ ಮಾತ್ರ ಉಂಟು. ನಮಗೂ ಇದು ಬೇಸರದ ವಿಷಯವೇ.

ಹಗಲಿನ ಓಡಾಟಕ್ಕೆ ಯಾವ ಅಡ್ಡಿಯೂ ಇಲ್ಲ. ಟಿಪ್ಪುವಿನ ಕಾಲದ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯನ್ನು ಮಕ್ಕಳು ಎರಡು ಗಂಟೆಯಲ್ಲಿ ಹತ್ತಿ ಇಳಿಯಬಹುದು. ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಹೋಗುವ ಮನಸ್ಸಿದ್ದರೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ತಾವೇ ಮುಂಚಿತವಾಗಿ ಟಿಕೆಟ್ ಮಾಡಿಸಿಕೊಳ್ಳಬೇಕು, ರಜೆಯಲ್ಲಿ ಅವು ಬೇಗ ಮುಗಿದುಹೋಗುತ್ತವೆ. ಕತ್ತಲಾದ ಮೇಲೆ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಅದರ ಹಿಂದೆ ದೀಪ ಇಟ್ಟರೆ ಬಗೆಬಗೆಯ ಪತಂಗಗಳು ಬಂದು ಕೂರುತ್ತವೆ. ಮುಂಗಾರಿಗೆ ಮೊದಲಿನ ಮೇ ತಿಂಗಳ ರಾತ್ರಿಗಳಲ್ಲಿ ಎದುರಿನ ಮರಗಳ ತುಂಬ ಮಿಂಚುಹುಳು ಕಾಣುತ್ತವೆ. ಎರಡಕ್ಕೂ ಬೇಲಿ ದಾಟಬೇಕಾಗಿಲ್ಲ.

ವಿದೇಶದಲ್ಲಿ ನೆಲೆಸಿ, ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವ ಜೂನ್, ಜುಲೈ ತಿಂಗಳುಗಳಲ್ಲಿ ಅಜ್ಜ ಅಜ್ಜಿಯರೊಡನೆ ಬರುವ ಕುಟುಂಬಗಳಿಗೆ ಎರಡು ರಾತ್ರಿಯ ನಿಯಮ ಅನ್ವಯಿಸುವುದಿಲ್ಲ. ಗೇಟಿನ ಸಮಯ ಅವರಿಗೂ ಒಂದೇ. ಜತೆಗೆ, ವಿದೇಶಿ ಪಾಸ್‌ಪೋರ್ಟ್ ಇರುವ ಮಕ್ಕಳ ವಿವರವನ್ನು ಬಂದ 24 ಗಂಟೆಯೊಳಗೆ ನಾವು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕಿರುವುದರಿಂದ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಕೈಯಲ್ಲಿರಲಿ.

ದಸರಾ ರಜೆಯ ಬುಕಿಂಗ್ ಬರುವ ಸೋಮವಾರ ಬೆಳಿಗ್ಗೆ 10 ಗಂಟೆಯಿಂದ, ತಮ್ಮ ಬಳಿ ಈಗಾಗಲೇ ಇರುವ ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಯಲ್ಲಿ ಆರಂಭವಾಗುತ್ತದೆ. ಸಂದೇಶ ಕಳುಹಿಸುವಾಗ ಎಷ್ಟು ಸಂಸಾರ, ಎಷ್ಟು ಮಕ್ಕಳು, ಎಷ್ಟು ಕಾರು ಮತ್ತು ಮನೆಯಿಂದ ಎಷ್ಟು ಗಂಟೆಗೆ ಹೊರಡುತ್ತೀರಿ ಎಂಬುದನ್ನು ಬರೆಯಿರಿ. ಬೆಂಗಳೂರಿನಿಂದ ಬರುವವರು ಬೆಳಿಗ್ಗೆ 8 ಗಂಟೆಯೊಳಗೆ ಹೊರಟರೆ ಮಧ್ಯಾಹ್ನದ ಊಟವನ್ನು ನಮ್ಮಲ್ಲೇ ಮಾಡಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಮೂರೂ ತೋಟದ ಮನೆಗಳ ಪರವಾಗಿ, ವ್ಯವಸ್ಥಾಪಕರು
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ